ಶಿವಕಾಂತಾ ಬಾವಿಗೆ ಯಾಕೆ ಇಳಿದಳು

ನನ್ನದು ಬಾಯಿಯ ಮೇಲೆ ನಡೆದ ಬದುಕು. ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ಮೈಕ್‌ಸೆಟ್ಟಿನ ಅಂಗಡಿ ಇದೆ. ಕುಸ್ತಿ ಇದ್ದ ಊರಿಗೆ ಸೆಟ್ಟಿನ ಜೊತೆ ನಾನೂ ಹೋಗುತ್ತೇನೆ, ಅಖಾಡದ ಅಂಚಿನಲ್ಲಿ ಮೈಕ್ ಹಿಡಿದು ನಿಲ್ಲುತ್ತೇನೆ. ಕುಸ್ತಿಯೆಂದರೆ ಬರೀ ಪಟ್ಟುಗಳಲ್ಲ. ಇಬ್ಬರು ಪೈಲ್ವಾನರು ಹಣೆಗೆ ಹಣೆ ಕೊಟ್ಟು ಕಾಲು ಗಂಟೆ ಸುಮ್ಮನೆ ನಿಂತುಬಿಡುವುದೂ ಉಂಟು. ಆಗ ಜನ ಎದ್ದು ಹೋಗದಂತೆ ಹಿಡಿದಿಡುವವನು ನಾನು. ಇವನ ಅಜ್ಜ ಎಂಥವನಾಗಿದ್ದ, ಅವನು ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ, ಇಬ್ಬರ ನಡುವೆ ಹಳೆಯ ಜಿದ್ದು ಏನು, ಎಲ್ಲ ಹೇಳುತ್ತೇನೆ. ಗೊತ್ತಿದ್ದರೆ ಗೊತ್ತಿದ್ದದ್ದು, ಇಲ್ಲದಿದ್ದರೆ ಆ ಹೊತ್ತಿಗೆ ಹೊಳೆದದ್ದು. ಇಪ್ಪತ್ತೆರಡು ವರ್ಷ ಹೀಗೆ ಖಾಲಿ ಹೊತ್ತನ್ನು ತುಂಬಿದೆ. ಯಾರೂ ಸುಳ್ಳುಗಾರ ಎನ್ನಲಿಲ್ಲ. ಏಕನಾಥ ಬಂದನೆಂದರೆ ಕುಸ್ತಿಗೆ ರಂಗೇರಿತು ಎಂದರು, ನಾನೂ ಉಬ್ಬಿದೆ.

ಆ ಬಾಯಿ ಒಂದು ಮನೆಗೆ ಮಾಡಿದ್ದನ್ನು ಈಗ ಬರೆಯುತ್ತಿದ್ದೇನೆ. ಬರೆದರೆ ನೊಂದುಕೊಳ್ಳುವವರು ಹೋದ ವರ್ಷ ಕಣ್ಣು ಮುಚ್ಚಿದರು.

ಎರಡು ಮಳೆಗಾಲ ಕೈಕೊಟ್ಟ ಮೇಲಿನ ಬೇಸಿಗೆ ಅದು, ಎರಡು ಸಾವಿರದ ಹದಿನಾರು. ಭಾಲ್ಕಿಯಿಂದ ಔರಾದಿಗೆ ಹೋಗುವ ಬಸ್ಸು ಖಾಲಿ ಹೋಗಿ ತುಂಬಿ ಬರುತ್ತಿತ್ತು. ಗಂಟು, ಮೂಟೆ, ಸ್ಟೋವು, ಕೋಳಿ, ಕೂಸು ಎಲ್ಲವೂ ಹೈದರಾಬಾದಿಗೋ ಪುಣೆಗೋ ಹೊರಟಿರುತ್ತಿದ್ದವು. ಕಪ್ಪು ಹೊಲಗಳು ಕಾಲು ಇಳಿಯುವಷ್ಟು ಬಿರಿದಿದ್ದವು. ಮಧ್ಯಾಹ್ನ ಆ ಬಯಲಿನಲ್ಲಿ ದೂರಕ್ಕೆ ನೀರು ಕಾಣುತ್ತಿತ್ತು. ಬಸ್ಸಿನಲ್ಲಿದ್ದವರೆಲ್ಲ ಅದನ್ನು ನೋಡುತ್ತಿದ್ದರು, ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ನೋಡುತ್ತಿದ್ದರು. ಆ ವರ್ಷ ಎಚ್ಚರವೂ ನಿದ್ದೆಯೂ ಹಾಗೆ ಒಂದರೊಳಗೊಂದು ಕಲಸಿಹೋಗಿದ್ದವು.

ಮನ್ಮಥಪ್ಪ ಔರಾದಿನ ಆಚೆಗಿನ ಒಂದು ಹೊಲದ ಮನೆಯವನು. ಕುಸ್ತಿಯೇ ಅವನ ಹೊಟ್ಟೆಪಾಡು. ಬೀದರಿನ ಕೋಟೆಯ ಹತ್ತಿರ ಕುಸ್ತಿ ಕಲಿಸುವ ದಸ್ತಗೀರ ವಸ್ತಾದರ ಗರಡಿಯಲ್ಲಿ, ಆ ಊರಿನ ಕೆಂಪು ಮಣ್ಣಿನಲ್ಲಿ ಹೊರಳಿ ಬೆಳೆದವನು. ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ಶಿವಕಾಂತಾ ಭಾಲ್ಕಿಯವಳು, ನಮ್ಮ ಓಣಿಯ ಗುಂಡಮ್ಮನ ಒಬ್ಬಳೇ ಮಗಳು. ಅವರಿಗೊಂದು ಮೂರು ವರ್ಷದ ಹೆಣ್ಣು ಕೂಸು, ನೀಲಾ.

ಏಪ್ರಿಲಿನ ಒಂದು ದಿನ ಉದಗೀರಿನಲ್ಲಿ ಕುಸ್ತಿ. ಮೈಕ್ ನನ್ನದೇ. ಮನ್ಮಥಪ್ಪ ಅಂದು ಐದೇ ನಿಮಿಷದಲ್ಲಿ ಹೆಸರಿಲ್ಲದ ಒಬ್ಬನ ಕೈಯಲ್ಲಿ ಚಿತ್ತಾದ. ಜನ ಹೋ ಎಂದರು. ಅವನು ಮಣ್ಣು ಒರೆಸಿಕೊಳ್ಳುತ್ತಿರುವಾಗ ಫೋನು ಬಂತು. ಹೆಂಡತಿ ಹೊಲದ ಬಾವಿಗೆ ಇಳಿದವಳು ಕಾಲು ಜಾರಿ ಬಂಡೆಗೆ ಬಿದ್ದಳು, ಜೀವ ಹೋಯಿತು.

ಪೊಲೀಸರು ಬಂದರು, ಕೇಳಿದರು, ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಆದರೆ ಒಂದು ಪ್ರಶ್ನೆ ಉಳಿಯಿತು. ಆ ಬಾವಿಗೆ ಯಾವಾಗಲೂ ಇಳಿಯುತ್ತಿದ್ದವನು ಮನ್ಮಥಪ್ಪ. ತಳದಲ್ಲಿ ಇದ್ದದ್ದು ಒಂದು ಮೊಳ ನೀರು. ಅದೂ ಅಲ್ಲದೆ ಹಿಂದಿನ ದಿನವೇ ಟ್ಯಾಂಕರ್ ಬಂದು ಮನೆಯಲ್ಲಿ ಎರಡು ಕೊಡ ತುಂಬಿದ್ದವು. ಹಾಗಿದ್ದಮೇಲೆ ಶಿವಕಾಂತಾ ಬಾವಿಗೆ ಯಾಕೆ ಇಳಿದಳು? ಮಗಳ ಮನೆಗೆಂದು ಬಂದಿದ್ದ ಗುಂಡಮ್ಮ ಆಗ ಅಲ್ಲೇ ಇದ್ದಳು. ಒಳಗೆ ಕೂಸಿನ ಹತ್ತಿರ ಮಲಗಿದ್ದೆ, ಏನೂ ಗೊತ್ತಿಲ್ಲ ಎಂದಳು.

ಮೊಬೈಲಿನಲ್ಲಿ ನನ್ನದೊಂದು ಕುಸ್ತಿಯ ಪೇಜು ಇತ್ತು. ಬೀದರಿನಿಂದ ಸೊಲ್ಲಾಪುರದವರೆಗೆ ಜನ ನೋಡುತ್ತಿದ್ದರು. ಮಣ್ಣಾದ ಮರುದಿನ ಎಲ್ಲರೂ ನನ್ನನ್ನೇ ಕೇಳತೊಡಗಿದರು. ನೀವು ಅಲ್ಲೇ ಇದ್ದಿರಲ್ಲ, ಪೈಲ್ವಾನ ಯಾಕೆ ಸೋತ, ಮನೆಯಲ್ಲಿ ಏನಾಗಿತ್ತು, ಹೇಳಿ. ನಾನು ಅಂಗಡಿಯಲ್ಲಿ ಕೂತು ಮೊಬೈಲನ್ನು ಮುಖದ ಮುಂದೆ ಹಿಡಿದು ವಿಡಿಯೊ ಮಾಡಿದೆ. ಅಯ್ಯೋ ಪಾಪ ಎಂಬುದನ್ನೆಲ್ಲ ಹೇಳಿದೆ. ಹೇಳಿ ಮುಗಿದ ಮೇಲೂ ಮೊಬೈಲಿನ ಕೆಂಪು ದೀಪ ಉರಿಯುತ್ತಿತ್ತು, ನನಗೆ ಸುಮ್ಮನಿರಲು ಬರಲಿಲ್ಲ.

"ಅವತ್ತ ಪೈಲ್ವಾನನ ಮಾರಿ ಬಾಡಿತ್ತು ನೋಡ್ರಿ," ಎಂದೆ. "ಮನಿ ಬಿಡೂಮುಂದ ಗಂಡಹೆಂಡರ ನಡುವ ಏನೋ ಮಾತು ಆಗಿರಬೇಕು. ಮನಸ್ಸಿನ್ಯಾಗ ಅದೇ ಕುಂತಿತ್ತು, ಅದಕ್ಕ ಸೋತ."

ಇಷ್ಟೇ. ಮೂರು ವಾಕ್ಯ. ನಾನು ಕಂಡದ್ದು ಬಾಡಿದ ಮುಖವೊಂದೇ.

ಮರುದಿನ ಬೆಳಿಗ್ಗೆ ಆ ಮೂರು ವಾಕ್ಯಕ್ಕೆ ಕೈಕಾಲು ಬಂದಿದ್ದವು. ಜಗಳವಾಗಿ ಹಾರಿಕೊಂಡಳಂತೆ ಎಂದರು. ಪುಣೆಯಲ್ಲಿ ಇನ್ನೊಬ್ಬಳು ಇದ್ದಾಳಂತೆ ಎಂದರು. ಆ ಇನ್ನೊಬ್ಬಳ ಫೋಟೋ ಕೂಡ ಬಂತು, ಯಾವುದೋ ಮದುವೆಯಲ್ಲಿ ನಿಂತ ಯಾರೋ ಹೆಂಗಸು. ಮೈ ಬೆಳೆಸುವ ಇಂಜೆಕ್ಷನ್ ತಗೊಂಡು ತಲೆ ಕೆಟ್ಟಿತ್ತಂತೆ ಎಂದರು. ಎರಡು ಕೊಡ ನೀರಿದ್ದವಳು ಬಾವಿಗೆ ಯಾಕೆ ಹೋದಳು ಎಂದು ಕೆಂಪು ಅಕ್ಷರದಲ್ಲಿ ಬರೆದು ಕಳಿಸಿದರು. ಒಬ್ಬ ಪುಣ್ಯಾತ್ಮ ಬಾವಿಯ ಚಿತ್ರ ಬರೆದು, ಬಾಣದ ಗುರುತು ಹಾಕಿ, ಎಲ್ಲಿಂದ ತಳ್ಳಿರಬಹುದು ಎಂದು ತೋರಿಸಿದ್ದ. ಉದಗೀರಿನಲ್ಲಿ ಕುಸ್ತಿ ಆಡುತ್ತಿದ್ದವನು ಔರಾದಿನಲ್ಲಿ ಹೇಗೆ ತಳ್ಳಿದ ಎಂದು ಕೇಳುವ ವ್ಯವಧಾನ ಯಾರಿಗಿತ್ತು? ಎಲ್ಲದರ ಮೇಲೂ ನನ್ನ ಮುಖವಿತ್ತು, ಕುಸ್ತಿಯ ಏಕನಾಥರೇ ಹೇಳಿದ್ದಾರೆ ಎಂದು.

ಮನ್ಮಥಪ್ಪ ಒಂದು ಮಾತೂ ಆಡಲಿಲ್ಲ. ಅದು ಜನರನ್ನು ಇನ್ನಷ್ಟು ಕೆರಳಿಸಿತು. ತಪ್ಪಿಲ್ಲದಿದ್ದರೆ ಬಾಯಿ ಬಿಡಲಿ ಎಂದರು.

ನನಗೆ ಆ ವಾರದಿಂದ ಹಗಲುಗನಸು ಹತ್ತಿತು. ಊಟವಾದ ಮೇಲೆ ಅಂಗಡಿಯಲ್ಲಿ ಸ್ಪೀಕರ್ ಡಬ್ಬಗಳ ನಡುವೆ ಒರಗುತ್ತಿದ್ದೆ, ಕಣ್ಣು ಮುಚ್ಚುವ ಮೊದಲೇ ಬಾವಿ ಬರುತ್ತಿತ್ತು. ಅದರ ಮೆಟ್ಟಿಲುಗಳ ಮೇಲೆ ಸುತ್ತಲೂ ಜನ ಕೂತಿರುತ್ತಿದ್ದರು, ಟೋಪಿ ಹಾಕಿಕೊಂಡು, ಶೇಂಗಾ ತಿನ್ನುತ್ತ. ತಳದಲ್ಲಿ ನಾನು ಮೈಕ್ ಹಿಡಿದು ನಿಂತಿರುತ್ತಿದ್ದೆ. ಶಿವಕಾಂತಾ ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದಳು, ಅವಸರವಿಲ್ಲದೆ, ಸೆರಗು ಸರಿಮಾಡಿಕೊಳ್ಳುತ್ತ. ನನ್ನ ಹತ್ತಿರ ಬಂದು ನಿಂತು, "ಮುಂದ ಹೇಳ್ರಿ ಅಣ್ಣಾ, ನಾ ಯಾಕ ಬಂದೆ?" ಎನ್ನುತ್ತಿದ್ದಳು. ಕೋಪವಿರುತ್ತಿರಲಿಲ್ಲ. ಅವಳಿಗೂ ಗೊತ್ತಿಲ್ಲ, ನನ್ನಿಂದ ತಿಳಿದುಕೊಳ್ಳಬೇಕು ಎಂಬಂತೆ ಕೇಳುತ್ತಿದ್ದಳು. ನಾನು ಬೆವರಿ ಏಳುತ್ತಿದ್ದೆ. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ಅಲುಗುತ್ತಿತ್ತು, ಬಸ್ಸುಗಳು ನೆಲಕ್ಕೆ ತಾಗದೆ ನಿಂತಂತೆ ಕಾಣುತ್ತಿದ್ದವು.

ಹದಿನೈದು ದಿನ ತಡೆದು ಬೀದರಿಗೆ ಹೋದೆ. ಗರಡಿಯಲ್ಲಿ ನೀರಿಲ್ಲದೆ ಅಖಾಡದ ಮಣ್ಣು ಇಟ್ಟಿಗೆಯಾಗಿತ್ತು. ದಸ್ತಗೀರ ವಸ್ತಾದರು ಅದರ ಅಂಚಿನಲ್ಲಿ ಒಬ್ಬರೇ ಕೂತಿದ್ದರು.

"ಅವಂದು ಮೊಣಕಾಲ ಬಾತಿತ್ತು, ಏಕನಾಥ," ಎಂದರು. "ಹಿಂದಿನ ದಿನಾ ನಾನೇ ಅರಿಷಿಣ ಎಣ್ಣಿ ಹಚ್ಚಿ ಕಳಿಸೀನಿ. ಆಡಬ್ಯಾಡ ಅಂದೆ, ಕೇಳಲಿಲ್ಲ. ಅದಕ್ಕ ಮಾರಿ ಬಾಡಿತ್ತು, ಅದಕ್ಕ ಸೋತ. ನಿನಗ ಗೊತ್ತಿದ್ದಿಲ್ಲ, ಬರಾಬರ್. ಗೊತ್ತಿಲ್ಲಂದ್ರ ಬಾಯಿ ಬಂದ್ ಇಡಬೇಕೋ ಬ್ಯಾಡೋ?"

"ಮೈಕ್ ಹಿಡಿದಾಂವ ಹ್ಯಾಂಗ ಬಂದ್ ಇಡ್ತಾನ್ರಿ ವಸ್ತಾದ್?"

"ಕುಸ್ತಿ ಮುಗಿದಿತ್ತಲ್ಲೋ ಬೇಟಾ. ಹೆಣದ ಮುಂದ ನಿಂತು ಮೈಕ್ ಹಿಡಿದಿ ನೀ."

ಆಮೇಲೆ ಉಳಿದದ್ದನ್ನು ಹೇಳಿದರು. ಮಣ್ಣು ಕೊಟ್ಟ ದಿನವೇ ಗುಂಡಮ್ಮ ಮೊಮ್ಮಗಳನ್ನು ಭಾಲ್ಕಿಗೆ ಕರೆದುಕೊಂಡು ಹೋಗಿದ್ದಳು. ಮನ್ಮಥಪ್ಪ ಮೂರು ಸಲ ಬಾಗಿಲಿಗೆ ಹೋಗಿದ್ದ. ಇಂಥವನ ಕೈಗೆ ಕೂಸು ಕೊಡುವುದಿಲ್ಲ ಎಂದು ಓಣಿಯ ಹೆಂಗಸರೇ ಅಡ್ಡ ನಿಂತಿದ್ದರು, ಗುಂಡಮ್ಮ ಒಳಗಿನಿಂದ ಹೊರಗೆ ಬಂದಿರಲಿಲ್ಲ. ಅವನನ್ನು ಈಗ ಯಾವ ಊರಿನವರೂ ಕುಸ್ತಿಗೆ ಕರೆಯುತ್ತಿಲ್ಲ. ಸೋಮವಾರ ಬೆಳಿಗ್ಗೆಯ ಪ್ಯಾಸೆಂಜರಿಗೆ ಭಾಲ್ಕಿಯಿಂದ ಹೈದರಾಬಾದಿಗೆ ಹೊರಟಿದ್ದಾನೆ, ಕಟ್ಟುತ್ತಿರುವ ಯಾವುದೋ ಕಟ್ಟಡಕ್ಕೆ ವಾಚ್‌ಮನ್ ಆಗಿ.

"ಒಮ್ಮೆ ಹೋದ್ರ ಪೋರಿ ನನ್ನ ಮಾರಿ ಮರೀತಾಳ್ರಿ ಅಂತ ಅಂದ," ಎಂದರು ವಸ್ತಾದರು. "ಆಕಿ ದೊಡ್ಡಾಕಿ ಆದಮ್ಯಾಗ ಆ ಫೋನಿನ್ಯಾಗ ತನ್ನ ಅಪ್ಪನ ಬಗ್ಗಿ ಏನ್ ಓದ್ತಾಳ? ನಿನ್ನ ಮಾತು ಓದ್ತಾಳ."

ಮರಳುವಾಗ ಬಸ್ಸಿನಲ್ಲೇ ಇನ್ನೊಂದು ವಿಡಿಯೊ ಮಾಡಿದೆ. ನಾನು ಹೇಳಿದ್ದು ಸುಳ್ಳು, ನೋಡಿದ್ದಲ್ಲ, ಕಟ್ಟಿದ್ದು, ಪೈಲ್ವಾನನ ತಪ್ಪಿಲ್ಲ ಎಂದು ಕೈ ಮುಗಿದೆ. ಮೊದಲಿನದನ್ನು ನೋಡಿದವರಲ್ಲಿ ನೂರಕ್ಕೊಬ್ಬರೂ ಇದನ್ನು ನೋಡಲಿಲ್ಲ. ನೋಡಿದವರು, ಎಷ್ಟು ಕೊಟ್ಟ ಪೈಲ್ವಾನ ಎಂದು ಕೇಳಿದರು. ಸತ್ಯವಂತೆ ಸತ್ಯ! ಸುಳ್ಳಿಗೆ ಅವಸರವಿರುತ್ತದೆ, ಸತ್ಯಕ್ಕೆ ಯಾರೂ ಹಾದಿ ಬಿಡುವುದಿಲ್ಲ. ಆ ಹೊತ್ತು ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಮೊಬೈಲನ್ನು ಕಿಟಕಿಯಿಂದ ಎಸೆಯುವವನಿದ್ದೆ. ಹೊರಗೆ ಬಯಲಿನಲ್ಲಿ ಮತ್ತೆ ಆ ನೀರು, ನಮ್ಮ ಜೊತೆಜೊತೆಗೇ ಓಡಿಬರುತ್ತಿತ್ತು.

ಭಾನುವಾರ ಇಳಿಹೊತ್ತಿಗೆ ಗುಂಡಮ್ಮನ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದಳು. ಕೂಸು ಗೋಡೆಯ ಹತ್ತಿರ ನಿದ್ದೆ ಹೋಗಿತ್ತು. ಬಾಗಿಲಲ್ಲೇ ನಿಂತು ಹೇಳಿದೆ.

"ಅವ್ವಾ, ಗಂಡಹೆಂಡರ ನಡುವ ಮಾತು ಆಗಿತ್ತು ಅಂದಾಂವ ನಾನೇರಿ. ನನಗೇನೂ ಗೊತ್ತಿದ್ದಿಲ್ಲ. ಸುಳ್ಳ ಹೇಳೀನಿ. ನಾಳಿ ಮುಂಜಾನಿ ಹೊಂಟಾನ, ಪೋರಿನ್ನ ಅಪ್ಪನ ಕೈಗಿ ಕೊಡ್ರಿ."

ಅವಳು ತಲೆ ಎತ್ತಲಿಲ್ಲ. ಮೊರದಲ್ಲಿ ಬೆರಳು ಆಡುತ್ತಲೇ ಇತ್ತು.

"ನನಗ ಗೊತ್ತಿತ್ತಪಾ ಅದು ಸುಳ್ಳಂತ," ಎಂದಳು. "ನಾ ಮನ್ಯಾಗೇ ಇದ್ದೆ. ನಗಿಕೋತ ಹೋದ ಅಂವಾ. ಆಕಿ ಬುತ್ತಿ ಕಟ್ಟಿ ಕೊಟ್ಟಳು."

"ಮತ್ತ ಯಾಕ ಹೇಳಲಿಲ್ಲರಿ?"

"ಜನ ಹಂಗ ಅಂದಾಗ ನನಗ ಜೀವಕ್ಕ ಸಮಾಧಾನ ಆತು." ಬೆರಳು ನಿಂತಿತು. "ನಾ ಜಳಕಾ ಮಾಡಿ ಲಿಂಗಪೂಜಿ ಮಾಡೂತನ ಬಾಯಾಗ ಹನಿ ನೀರ ಹಾಕಂಗಿಲ್ಲ, ನಿನಗ ಗೊತ್ತದ. ಟ್ಯಾಂಕರ್ ನೀರ ಅದಾವ ಅವ್ವಾ, ಅಂದಳು. ಯಾರ್ಯಾರೋ ಮುಟ್ಟಿದ ನೀರು ಲಿಂಗಕ್ಕ ಹ್ಯಾಂಗ ಹಾಕಲಿ, ಬಾವಿದೇ ಬೇಕು ಅಂದೆ. ಹಠಾ ಮಾಡಿದೆ. ಊಟಾ ಬಿಟ್ಟು ಕುಂತೆ. ಒಂದೇ ತಂಬಿಗಿ ತರ್ತೇನಿ ತಡಿ ಅಂತ ನಕ್ಕು ಹೋದಳು."

ಮನೆಯೊಳಗೆ ಬಿಸಿಲಿನ ಒಂದು ಪಟ್ಟಿ ಬಿದ್ದಿತ್ತು, ಅದರಲ್ಲಿ ಬೇಳೆಯ ಧೂಳು ಮೆಲ್ಲಗೆ ಮೇಲೇಳುತ್ತಿತ್ತು. ಇದೂ ನನ್ನ ಮಧ್ಯಾಹ್ನದ ಕನಸೇ ಇರಬೇಕು, ಈಗ ಎಚ್ಚರವಾಗುತ್ತದೆ ಎಂದು ಕಾದೆ. ಆಗಲಿಲ್ಲ.

"ಅಂವಾ ಬಾಗಿಲಿಗಿ ಬಂದಾಗ ನನಗ ಅಂಜಿಕಿ," ಎಂದಳು. "ಮಾರಿ ನೋಡಿ ಯಾಕ ಇಳಿದಳು ಅಂತ ಕೇಳಿದ್ರ ಏನ್ ಹೇಳಲಿ? ಪೋರಿನ್ನ ಕೊಡಂಗಿಲ್ಲ ಅಂದ್ರ ಅಂವಾ ಬರೂದು ಬಿಡ್ತಾನ ಅಂದೆ." ಆಮೇಲೆ ನನ್ನನ್ನು ಮೊದಲ ಸಲ ನೋಡಿದಳು. "ಇದನ್ನೂ ಆ ಫೋನಿನ್ಯಾಗ ಹೇಳ್ತೀ ಏನಪಾ?"

ಹೇಳಿದ್ದರೆ ಮನ್ಮಥಪ್ಪನ ಮೇಲಿನದು ಒಂದೇ ದಿನದಲ್ಲಿ ತೊಳೆದುಹೋಗುತ್ತಿತ್ತು. ಈ ಮುದುಕಿಯನ್ನು ಮಾತ್ರ ಜನ ಹರಿದು ತಿನ್ನುತ್ತಿದ್ದರು. ಅದನ್ನು ನಾನು ಬಲ್ಲೆ, ನನ್ನ ಜನ ಅವರು.

"ಇಲ್ಲರಿ ಅವ್ವಾ," ಎಂದೆ.

ಅವಳು ಮತ್ತೆ ಬೇಳೆಯಲ್ಲಿ ಬೆರಳು ಆಡಿಸತೊಡಗಿದಳು. ಕೂಸನ್ನು ಕೊಡುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಭಾಲ್ಕಿ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಔರಾದು ಗಂಟು ಕಟ್ಟಿಕೊಂಡು ಬಂದಿತ್ತು. ಇಷ್ಟು ಜನ ಇದ್ದೂ ಗದ್ದಲವಿರಲಿಲ್ಲ, ಎಲ್ಲರೂ ಇನ್ನೂ ನಿದ್ದೆಯೊಳಗೇ ನಡೆದಾಡುತ್ತಿರುವಂತೆ ಇತ್ತು. ಬೆಳ್ಳಗಿನ ಬಿಸಿಲಿನಲ್ಲಿ ಮನ್ಮಥಪ್ಪ ಒಂದು ತಗಡಿನ ಟ್ರಂಕಿನ ಮೇಲೆ ಕೂತಿದ್ದ. ಅವನ ಸುತ್ತ ನಾಲ್ಕು ಮಾರು ಜಾಗ ಬಿಟ್ಟು ಜನ ನಿಂತಿದ್ದರು. ಇಬ್ಬರು ಮೊಬೈಲಿನಲ್ಲಿ ಅವನ ಫೋಟೋ ತೆಗೆಯುತ್ತಿದ್ದರು. ನಾನು ಹೋಗಿ ಅವನ ಕಾಲು ಮುಟ್ಟಲು ಬಾಗಿದೆ, ಅವನು ಕೈ ಹಿಡಿದು ನಿಲ್ಲಿಸಿದ.

ಗಾಡಿ ದೂರಕ್ಕೆ ಕಾಣುವ ಹೊತ್ತಿಗೆ ಗುಂಡಮ್ಮ ಬಂದಳು, ಕೂಸನ್ನು ಟೊಂಕದ ಮೇಲೆ ಎತ್ತಿಕೊಂಡು, ಏದುಸಿರು ಬಿಡುತ್ತ. ನೀಲಾ ಅಪ್ಪನನ್ನು ನೋಡಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗಲೇ ಮರೆಯುತ್ತಿದ್ದಳು.

"ಮನ್ಮಥಪ್ಪಾ," ಎಂದಳು ಗುಂಡಮ್ಮ, "ಅವತ್ತ ಆಕಿ ಬಾವಿಗಿ ಇಳಿದಿದ್ದು ನನ್ನ ಸಲವಾಗಿರಿ. ಟ್ಯಾಂಕರ್ ನೀರ ಒಲ್ಲೆ ಅಂದೆ ನಾನು."

"ಗೊತ್ತದರಿ ಅತ್ತಿ," ಎಂದ ಅವನು.

ಅವಳು ಅವನ ಬಾಯನ್ನೇ ನೋಡುತ್ತ ನಿಂತಳು.

"ಮಣ್ಣು ಕೊಡೂ ದಿನ ಮುಂಜಾನಿ ನಾ ಬಾವಿಗಿ ಇಳಿದಿದ್ದೆ. ಕೆಸರಿನ್ಯಾಗ ನಿಮ್ಮ ಪೂಜಿ ತಂಬಿಗಿ ಸಿಕ್ತು, ನಿಮ್ಮ ಹೆಸರ ಕೊರದದ್ದು. ಮಂದಿ ನೋಡಬಾರದಂತ ದೋತರದಾಗ ಮುಚ್ಚಿ ತಂದೆ. ಆಕಿ ಸಂಗಾಟನೇ ಮಣ್ಣಾಗ ಇಟ್ಟೀನಿ."

ನನಗೆ ತಡೆಯಲಾಗಲಿಲ್ಲ. "ಮತ್ತ ಮಂದಿ ಅಷ್ಟೆಲ್ಲಾ ಬೈಯೂಮುಂದ ಯಾಕ ಸುಮ್ಮ ಕುಂತಿ ಪೈಲ್ವಾನ?"

ಅವನು ನನ್ನತ್ತ ತಿರುಗಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನನಗ ಬೈದ್ರ ನಾ ತಡಕೋತೇನಿ, ಏಕನಾಥಣ್ಣಾ. ತನ್ನ ಅವ್ವಗ ಬೈದ್ರ ಶಿವಕಾಂತಾ ತಡಕೋತಿದ್ದಿಲ್ಲ."

ಗುಂಡಮ್ಮ ನಿಂತಲ್ಲೇ ಕುಸಿದಳು. ಗಾಡಿ ಬಂತು, ಜನ ನುಗ್ಗಿದರು. ಮನ್ಮಥಪ್ಪ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ, ಇನ್ನೊಂದು ಕೈಯಿಂದ ಅತ್ತೆಯನ್ನು ಎಬ್ಬಿಸಿದ. "ನೀವೂ ನಡೀರಿ ಅತ್ತಿ, ಪೋರಿಗಿ ಅಲ್ಲಿ ಯಾರದಾರ," ಎಂದ. ಅವಳು ಬೇಡ ಎನ್ನಲಿಲ್ಲ, ಮನೆಗೆ ಬೀಗ ಹಾಕಿಲ್ಲ ಎಂದೂ ಹೇಳಲಿಲ್ಲ. ನಾನು ಟ್ರಂಕನ್ನು ಮೇಲಕ್ಕೆತ್ತಿ ಕೊಟ್ಟೆ. ಗುಂಡಮ್ಮ ಉಟ್ಟ ಸೀರೆಯಲ್ಲೇ ಹೈದರಾಬಾದಿಗೆ ಹೋದಳು.