ಹತ್ತು ಗೇಣಿನ ಸೈಡ್‌ಬೋರ್ಡ್

ನನ್ನ ಹೆಂಡತಿ ಎಲ್ಲವನ್ನೂ ಗೇಣಿನಲ್ಲೇ ಅಳೆಯುತ್ತಿದ್ದಳು. ಪರದೆ, ಹಾಸಿಗೆ, ಕಿಟಕಿ, ಏನೇ ಇರಲಿ, ಬಲಗೈ ಹೆಬ್ಬೆರಳು ಊರಿ ಕಿರುಬೆರಳು ಚಾಚಿ ಒಂದು, ಎರಡು ಎಂದು ಸಾಗುವಳು. ನಾನೋ ನಲವತ್ತು ವರ್ಷ ಟೇಪನ್ನು ಕೊರಳಿಗೆ ಹಾಕಿಕೊಂಡು ಬದುಕಿದ ದರ್ಜಿ. ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

“ದರ್ಜಿ ಹೆಂಡ್ತಿ ಕಣೇ ನೀನು. ಮನೇಲಿ ಎಂಟು ಟೇಪ್ ಇವೆ.”

“ನಿಮ್ಮ ಟೇಪ್ ಹುಡುಕೋಷ್ಟರಲ್ಲಿ ನನ್ನ ಕೆಲ್ಸ ಮುಗಿದಿರುತ್ತೆ,” ಅನ್ನುವಳು. ಅಳತೆ ಸರಿಯಾಗಿ ಕೂತಾಗ ಸೊಂಟದ ಮೇಲೆ ಕೈಯಿಟ್ಟು ಒಂದೇ ಮಾತು: “ನೋಡಿದ್ರಾ?”

ಊಟದ ಕೋಣೆಯಲ್ಲಿ, ಬಾಗಿಲಿಗೂ ಮೂಲೆಗೂ ನಡುವಿನ ಗೋಡೆಗೆ ಒಂದು ಸೈಡ್‌ಬೋರ್ಡ್, ಅಂದರೆ ಪಾತ್ರೆ ಜೋಡಿಸಿಡುವ ಉದ್ದನೆಯ ಗಿಡ್ಡ ಕಪಾಟು, ಬೇಕೆಂಬುದು ಅವಳ ಬಹುದಿನದ ಆಸೆ. ಒಳ್ಳೆಯ ತಟ್ಟೆ, ಬಟ್ಟಲುಗಳೆಲ್ಲ ಮಂಚದಡಿ ರಟ್ಟಿನ ಡಬ್ಬಿಗಳಲ್ಲಿ ಬಿದ್ದಿದ್ದವು. ‘ಈ ಹೊಲಿಗೆ ಮುಗೀಲಿ, ಆ ಹೊಲಿಗೆ ಮುಗೀಲಿ’ ಎನ್ನುತ್ತಾ ನಾನು ವರ್ಷಗಳನ್ನೇ ತಳ್ಳಿದೆ. ಕೊನೆಗೆ ಹೋದ ವರ್ಷ ಅವಳೇ ನನ್ನನ್ನು ಬಡಗಿಯ ಅಂಗಡಿಗೆ ಎಳೆದುಕೊಂಡು ಹೋದಳು. ಹಲಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ ಓಕ್ ಮರದ ಮುಂದೆ ನಿಂತಳು.

“ಇದೇ ಇರ್ಲಿ. ಗಟ್ಟಿ ಇದೆ, ಜಾಸ್ತಿ ಸದ್ದು ಮಾಡಲ್ಲ. ನಿಮ್ಮ ಥರ ಅಲ್ಲ.”

ಬಡಗಿ ಮೀಸೆಯಡಿಯಲ್ಲೇ ನಕ್ಕ.

ಮನೆಗೆ ಬಂದವಳೇ ಗೋಡೆ ಅಳೆದಳು. “ಸರಿಯಾಗಿ ಹತ್ತು ಗೇಣು. ಒಂದು ಬೆರಳು ಹೆಚ್ಚಾದ್ರೂ ಬಾಗಿಲಿಗೆ ಅಡ್ಡ ಬರುತ್ತೆ, ನೆನಪಿರಲಿ.” ಮರುವಾರ ಹಾಸಿಗೆ ಹಿಡಿದಳು. ಮತ್ತೆ ಏಳಲಿಲ್ಲ.

ಅವಳು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಆರು ತಿಂಗಳು ಕಳೆದ ಮೇಲೆ ಬಡಗಿಯ ಬಳಿ ಹೋದೆ. ಅಂದು ಬೇಕೆಂದೇ ಟೇಪನ್ನು ಮನೆಯಲ್ಲಿ ಬಿಟ್ಟಿದ್ದೆ. ಬದುಕಿದ್ದಾಗ ಅವಳ ಗೇಣಿಗೆ ಒಂದು ದಿನವೂ ಮರ್ಯಾದೆ ಕೊಟ್ಟವನಲ್ಲ. ಇದೊಂದಾದರೂ ಅವಳು ಹೇಳಿದಂತೆಯೇ ಆಗಲಿ ಎಂಬ ಹಟ.

“ಉದ್ದ ಎಷ್ಟಣ್ಣ?”

“ಹತ್ತು ಗೇಣು.”

ಬಡಗಿ ನನ್ನ ಮುಖವನ್ನೊಮ್ಮೆ ನೋಡಿದ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದ. ನಾನು ಓಕ್ ಹಲಗೆಯ ಮೇಲೆ ಬಲಗೈ ಊರಿ, ಅವಳ ಹಾಗೆಯೇ ಗಟ್ಟಿಯಾಗಿ ಎಣಿಸುತ್ತಾ ಹತ್ತು ಗೇಣು ಹಾಕಿದೆ. ಅವನು ಪೆನ್ಸಿಲಿನಿಂದ ಗೆರೆ ಎಳೆದ.

ಸೈಡ್‌ಬೋರ್ಡ್ ಬಂತು. ನಾಲ್ಕು ಬಾಗಿಲು, ಮೇಲೆ ನಾಲ್ಕು ಡ್ರಾಯರ್, ಜೇನಿನ ಬಣ್ಣ. ಇಬ್ಬರೂ ಸೇರಿ ಮೂಲೆಗೆ ಒತ್ತಿ ನಿಲ್ಲಿಸಿದೆವು. ಇನ್ನೊಂದು ತುದಿ ಅರ್ಧ ಬಾಗಿಲನ್ನೇ ನುಂಗಿ ನಿಂತಿತ್ತು.

ಬಡಗಿ ತಲೆ ಕೆರೆದುಕೊಂಡ. “ಅಣ್ಣ... ಅಕ್ಕನ ಕೈ ಸಣ್ಣದಲ್ವಾ?”

ಊರವರ ಎದೆ, ಸೊಂಟ, ತೋಳಿನ ಅಳತೆಗಳೆಲ್ಲ ನನಗೆ ಬಾಯಿಪಾಠ. ಮೂವತ್ತನಾಲ್ಕು ವರ್ಷ ನನ್ನ ಪಕ್ಕದಲ್ಲೇ ಇದ್ದ ಕೈ ಎಷ್ಟು ಚಿಕ್ಕದೆಂದು ನಾನು ಯೋಚಿಸಿಯೇ ಇರಲಿಲ್ಲ.

“ಬೇಜಾರು ಮಾಡ್ಕೋಬೇಡಿ. ಮುಂದಿನ ಕೋಣೇಲಿ ಇಟ್ಟುಬಿಡೋಣ, ಅಲ್ಲಿ ಜಾಗ ಇದೆ.”

“ಅವಳು ಹೇಳಿದ್ದು ಇಲ್ಲಿ. ಕೊಯ್ದು ಚಿಕ್ಕದು ಮಾಡು.”

“ಹಾಗಾದ್ರೆ ಗೋಡೆ ಅಳತೆ ಹೇಳಿ. ಈ ಸಲ ಟೇಪಲ್ಲಿ.”

ಟೇಪ್ ಹಿಡಿದೆ. ಎಪ್ಪತ್ತು ಅಂಗುಲ. ಹೇಳಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಹತ್ತು ಗೇಣಿಗೆ ಎಪ್ಪತ್ತಾದರೆ ಒಂದಕ್ಕೆ ಏಳು. ಅವಳ ಕೈ ಏಳು ಅಂಗುಲ. ಟೇಪನ್ನು ಗೋಡೆಗಿಟ್ಟು ಬಲಗೈ ಚಾಚಿ, ಕಿರುಬೆರಳನ್ನು ಏಳರ ಗೆರೆಯವರೆಗೆ ಒಳಗೆ ಎಳೆದುಕೊಂಡೆ. ಇಷ್ಟೇ. ಇಷ್ಟು ಪುಟ್ಟ ಕೈಯಲ್ಲಿ ಅವಳು ಈ ಮನೆಯನ್ನೆಲ್ಲ ಅಳೆದು ಜೋಡಿಸಿದ್ದು. ಆ ಗೋಡೆಗೆ ಹಣೆಯಿಟ್ಟು ಅತ್ತೆ. ಅವಳು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಬಡಗಿ ಅದನ್ನು ಗಾಡಿಯಲ್ಲಿ ಒಯ್ದು ವಾರದ ಮೇಲೆ ಮರಳಿ ತಂದ. ನಾಲ್ಕು ಬಾಗಿಲು ಮೂರಾಗಿದ್ದವು. ಗೋಡೆಗೆ ಕೂರಿಸಿದ ಮೇಲೆ ನಾನು ಕೋಣೆಯ ಬಾಗಿಲನ್ನು ಮುಚ್ಚಿ, ಪೂರ್ತಿ ತೆರೆದೆ. ಎಲ್ಲೂ ತಾಗಲಿಲ್ಲ. ಬೆನ್ನ ಹಿಂದಿನಿಂದ ಆ ಒಂದು ಮಾತು ಬರಬೇಕಿತ್ತು. ಬಾಗಿಲ ಹಿಡಿ ಬಿಡದೆ ಕಾದು ನಿಂತೆ.

“ನೋಡಿದೆ ಕಣೇ,” ಎಂದೆ.

ಬಡಗಿ ಏನೂ ಕೇಳಿಸದವನಂತೆ, ಆಗಲೇ ಒರೆಸಿದ್ದ ಮರವನ್ನು ಮತ್ತೆ ಒರೆಸತೊಡಗಿದ. ನಾನು ಮಂಚದಡಿಯಿಂದ ಮೊದಲ ಡಬ್ಬಿ ಎಳೆಯಲು ಹೋದೆ.