ಟಸ್ಕನಿಯ ಸ್ಯಾಂಪಲ್

ಗುರುಸಿದ್ದಮ್ಮನಿಗೆ ಸುಮ್ಮನೆ ಕೂರುವುದಕ್ಕೆ ಒಂದು ಜಾಗ ಬೇಕಿತ್ತು. ಅದು ಇಟಲಿಯಲ್ಲಿದೆ ಎಂದು ಗೊತ್ತಾದದ್ದು ಸೊಸೆ ಮೇಘಶ್ರೀಯ ಮೊಬೈಲಿನಿಂದ.

ಮೇಘಶ್ರೀಯ ಆಫೀಸಿನ ಹುಡುಗಿಯೊಬ್ಬಳು ಮದುವೆಯಾಗಿ, ಗಂಡನ ಜೊತೆ ಇಟಲಿಯ ಟಸ್ಕನಿ ಎಂಬ ಸೀಮೆಗೆ ಹೋಗಿ ಬಂದು ಫೋಟೋ ಕಳಿಸಿದ್ದಳು. ಅತ್ತೆ ಸೊಸೆ ಅವರೆಕಾಯಿ ಬಿಡಿಸುತ್ತ ನೋಡಿದರು. ಗುಡ್ಡದ ಮೇಲೆ ಕಲ್ಲಿನ ಮನೆಗಳು, ಇಳಿಜಾರಿನಲ್ಲಿ ಬೈತಲೆ ತೆಗೆದ ಹಾಗೆ ದ್ರಾಕ್ಷಿ ಸಾಲು, ಊರೂರಿಗೂ ಚರ್ಚು, ಚರ್ಚಿನ ಗೋಡೆ ತುಂಬ ಚಿತ್ರ. ಗುರುಸಿದ್ದಮ್ಮ ಎಲ್ಲವನ್ನೂ ಬೇಗ ಬೇಗ ದಾಟಿ ಒಂದು ಫೋಟೋದಲ್ಲಿ ನಿಂತಳು. ಮರದ ಕೆಳಗೆ ಎರಡು ಕುರ್ಚಿ. ಎರಡೂ ಖಾಲಿ. ಎದುರಿಗೆ ಗುಡ್ಡ ಬಿಟ್ಟರೆ ಏನೂ ಇಲ್ಲ.

"ಇಲ್ಲಿಗೆ ಹೋಗ್ಬೇಕು ಕಣೇ" ಎಂದಳು.

ಮೇಘಶ್ರೀ ಅದನ್ನು ತಮಾಷೆ ಎಂದುಕೊಂಡಳು. ಮಾರನೆಯ ದಿನ ಅತ್ತೆ ಮತ್ತೆ ಅದೇ ಫೋಟೋ ಕೇಳಿದಾಗ ತಮಾಷೆಯಲ್ಲ ಎಂದು ಗೊತ್ತಾಯಿತು.

ಗುರುಸಿದ್ದಮ್ಮನ ಗಂಡ ಮರುಳಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಮುಂದೆ ಮಂಡಿ, ಹಿಂದೆ ಮನೆ. ಕೊಬ್ಬರಿ ತಂದ ಬೆಳೆಗಾರರಿಗೆ ಕಾಫಿ, ಚೀಲ ಹೊರುವವರಿಗೆ ಕಾಫಿ, ಮಠದ ಕಡೆಯಿಂದ ಯಾರಾದರೂ ಬಂದರೆ ಕಾಫಿಯ ಜೊತೆ ತಿಂಡಿ. ಅರಸೀಕೆರೆ ಜಂಕ್ಷನ್ ಆದ್ದರಿಂದ ರೈಲು ತಡವಾದ ನೆಂಟರೆಲ್ಲ ಸ್ಟೇಷನ್ನಿನ ಬೆಂಚು ಬಿಟ್ಟು ಇವರ ಮನೆಯಲ್ಲಿ ಕಾಯುತ್ತಿದ್ದರು. ಮಗ ಬಸವಕುಮಾರ ವ್ಯಾಪಾರಕ್ಕೆ ಕೂತ ಮೇಲೆ ಮರುಳಪ್ಪನ ಕೆಲಸ ಅರ್ಧವಾಗಿತ್ತು. ಕಾಫಿ ಹಾಗೇ ಇತ್ತು.

ಮರುಳಪ್ಪ ಹೆಂಡತಿಯ ಮಾತನ್ನು ಗಂಭೀರವಾಗಿಯೇ ಕೇಳಿದ. ಕೂರುವುದಕ್ಕೆ ಅಷ್ಟು ದೂರ ಯಾಕೆ, ನಮ್ಮ ಜಗಲಿ ಇಲ್ಲವೇ ಎಂದ.

"ಜಗಲಿ ಮೇಲೆ ಕೂತ್ರೆ ಯಾರಾದ್ರೂ ಬಂದು ಕಾಫಿ ಕೇಳ್ತಾರೆ. ಅಲ್ಲಿ ಯಾರಿಗೂ ನನ್ನ ಗುರ್ತಿಲ್ಲ."

ಮರುಳಪ್ಪ ಬೇರೆ ಆಕ್ಷೇಪಣೆ ತೆಗೆದ. ಅದು ದ್ರಾಕ್ಷಿಯಿಂದ ವೈನು ಮಾಡುವ ಸೀಮೆ, ಮಠಕ್ಕೆ ನಡೆದುಕೊಳ್ಳುವ ನಾವು ಅಂಥ ಕಡೆ ಹೋಗುವುದು ಸರಿಯಲ್ಲ ಎಂದ. ತೆಂಗಿನ ಮರದಿಂದಲೂ ಹೆಂಡ ಇಳಿಸುತ್ತಾರೆ, ನಾವು ಕೊಬ್ಬರಿ ಮಾರುತ್ತಿಲ್ಲವೇ ಎಂದು ಅವಳು ಕೇಳಿದಳು. ಅಲ್ಲಿನ ವಿಗ್ರಹಗಳಿಗೆ ಬಟ್ಟೆ ಇರುವುದಿಲ್ಲವಂತೆ ಎಂದ. ಬಸ್ತಿಹಳ್ಳಿಯ ಬಸದಿಯಲ್ಲಿ ಬೆತ್ತಲೆ ನಿಂತ ತೀರ್ಥಂಕರನಿಗೆ ಇಬ್ಬರೂ ಕೈ ಮುಗಿದು ಬಂದದ್ದನ್ನು ಅವಳು ನೆನಪಿಸಿದಳು. ಮರುಳಪ್ಪನ ಹತ್ತಿರ ಇದ್ದ ಆಕ್ಷೇಪಣೆಗಳು ಮುಗಿದವು.

ಆದರೆ ಅವನು ಸ್ಯಾಂಪಲ್ ನೋಡದೆ ಏನನ್ನೂ ಕೊಳ್ಳುವವನಲ್ಲ. ಎಷ್ಟೇ ನಂಬಿಕಸ್ತ ಬೆಳೆಗಾರನಾಗಲಿ, ಚೀಲದ ತಳಕ್ಕೆ ಕೈ ಹಾಕಿ ಒಂದು ಉಂಡೆ ತೆಗೆದು, ಒಡೆದು, ಮೂಸಿ ಆಮೇಲೆ ಮಾತಾಡುವುದು ಅವನ ಪದ್ಧತಿ. ಮನೆಯ ನಲ್ಲಿಯನ್ನೂ ಹಾಗೇ ಕೊಂಡಿದ್ದ. ಸೊಸೆಯ ವಿಷಯದಲ್ಲಿ ಮಾತ್ರ ಸಾಧ್ಯವಾಗಿರಲಿಲ್ಲ, ಅದು ಹೇಗೋ ಚೆನ್ನಾಗಿ ಬಂದಿತ್ತು. ಹಾಗಾಗಿ ಇಟಲಿಗೂ ಸ್ಯಾಂಪಲ್ ನೋಡಬೇಕೆಂದ. ಹಳೇಬೀಡಿನಲ್ಲಿ ಮೂರು ದಿನ ರೂಮು ಮಾಡಿಕೊಂಡು ಇರುವುದು. ಅಲ್ಲಿ ಏನು ಮಾಡುತ್ತೇವೋ ಅದನ್ನೇ ಇಲ್ಲಿ ಮಾಡುವುದು. ಕಲ್ಲು, ಚಿತ್ರ ನೋಡುವುದು, ಕೂರುವುದು. ಮಂಡಿಗೆ ಫೋನು ಮಾಡಕೂಡದು. ಇಬ್ಬರಿಗೂ ಒಗ್ಗಿದರೆ ಟಿಕೆಟ್ಟು. ಒಗ್ಗದಿದ್ದರೆ ಆ ಮಾತು ಮತ್ತೆ ಎತ್ತಬಾರದು.

"ಎತ್ತಲ್ಲ" ಎಂದಳು ಗುರುಸಿದ್ದಮ್ಮ. ಹೇಳಿದ ಮೇಲೆ ಅವಳು ಎತ್ತುವವಳಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೇಘಶ್ರೀ ಗೆಳತಿಯನ್ನು ಕೇಳಿ ದಿನಚರಿ ಮಾಡಿಕೊಟ್ಟಳು. ಅಲ್ಲಿ ಬೆಳಿಗ್ಗೆ ಚರ್ಚು, ಇಲ್ಲಿ ಹೊಯ್ಸಳೇಶ್ವರ. ಅಲ್ಲಿ ಮಧ್ಯಾಹ್ನ ದ್ರಾಕ್ಷಿ ತೋಟ, ಇಲ್ಲಿ ದ್ವಾರಸಮುದ್ರದ ಕೆರೆ ಏರಿ. ಅಲ್ಲಿ ಸಂಜೆ ಒಂದು ಲೋಟ ವೈನು. ಅದರ ಬದಲಿಗೆ ಬಸವಕುಮಾರ ಬೇಕರಿಯಿಂದ ದ್ರಾಕ್ಷಿ ಜ್ಯೂಸಿನ ಬಾಟಲಿ ತಂದುಕೊಟ್ಟ. ಗಂಡ ಹೆಂಡತಿ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದರು.

ಮೊದಲ ದಿನ ನಿಜವಾಗಿಯೂ ಚೆನ್ನಾಗಿತ್ತು. ಹಳೇಬೀಡಿಗೆ ಅವರು ಎಷ್ಟೋ ಸಲ ಬಂದಿದ್ದರು, ಆದರೆ ಯಾವಾಗಲೂ ಯಾರದೋ ಮದುವೆಗೋ ಗೃಹಪ್ರವೇಶಕ್ಕೋ ಬಂದು, ದಾರಿಯಲ್ಲಿ ಒಂದು ಸುತ್ತು ಹಾಕಿ ಕೈ ಮುಗಿದು ಹೋದದ್ದು. ಈ ಸಲ ಗೈಡ್ ಇಟ್ಟುಕೊಂಡು ಗೋಡೆಯ ಪಕ್ಕ ನಿಧಾನವಾಗಿ ನಡೆದರು. ಸಾಲು ಆನೆಗಳನ್ನು ನೋಡಿ ಮರುಳಪ್ಪ, ಇಷ್ಟು ಮಾಲು ಒಂದೇ ಗ್ರೇಡಿನಲ್ಲಿ ಕೊಡುವುದು ಸುಲಭವಲ್ಲ ಎಂದು ಮೆಚ್ಚಿಕೊಂಡ. ರಾವಣ ಕೈಲಾಸ ಎತ್ತುವ ಕಡೆ ಗುರುಸಿದ್ದಮ್ಮ ನಿಂತಳು. ಗೈಡ್ ಮುಂದೆ ಹೋದರೂ ಅವಳು ಹೋಗಲಿಲ್ಲ.

"ಕೆಳಗೆ ಬೆಟ್ಟನೇ ಅಲ್ಲಾಡ್ತೈತೆ. ಪಾರ್ವತಿ ಕೂತೇ ಅವಳೆ ನೋಡ್ರಿ" ಎಂದಳು.

ಮರುಳಪ್ಪ ನೋಡಿದ. ಹೌದು, ಕೂತಿದ್ದಳು.

ಮಧ್ಯಾಹ್ನ ಹುಲ್ಲಿನ ಮೇಲೆ, ಮರದ ನೆರಳಲ್ಲಿ ಕುಳಿತರು. ಗುರುಸಿದ್ದಮ್ಮ ಕಾಲು ಚಾಚಿ, ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡಳು. ಆ ಕೈಗಳು ಸ್ವಲ್ಪ ಹೊತ್ತು ಸೆರಗಿನ ತುದಿ ಮಡಿಸಿದವು, ಆಮೇಲೆ ಹುಲ್ಲು ಕಿತ್ತವು, ಆಮೇಲೆ ಸುಮ್ಮನಾದವು. ಮರುಳಪ್ಪನಿಗೆ ಬೇಸರವಾಗಿ ಪೇಟೆ ಧಾರಣೆ ಕೇಳುವುದಕ್ಕೆ ಮಗನಿಗೆ ಫೋನು ಮಾಡಬೇಕೆನ್ನಿಸಿತು. ನಿಯಮ ತಾನೇ ಮಾಡಿದ್ದರಿಂದ ಮಾಡಲಿಲ್ಲ.

ಎದ್ದು ಚಪ್ಪಲಿ ಬಿಟ್ಟ ಕಡೆ ಬಂದಾಗ ಕೆಂಚಯ್ಯ ಸಿಕ್ಕಿದ. ಮಾದಿಹಳ್ಳಿಯವನು, ಮಂಡಿಗೆ ಕೊಬ್ಬರಿ ಹಾಕುವ ಬೆಳೆಗಾರ, ನೆಂಟರನ್ನು ದೇವಸ್ಥಾನ ತೋರಿಸಲು ಕರೆತಂದಿದ್ದ.

"ಏನ್ ಸಾವ್ಕಾರ್ರೇ, ಈ ಕಡೆ? ಯಾರ ಮನೇಲಿ ಕಾರ್ಯ?"

"ಯಾರ ಮನೇಲೂ ಇಲ್ಲ ಕಣಪ್ಪ. ಸುಮ್ನೆ ಬಂದಿದೀವಿ. ಇಲ್ಲೇ ರೂಮು ಮಾಡಿದೀವಿ."

ಕೆಂಚಯ್ಯ ಸಾವಿನ ಮನೆಯಲ್ಲಿ ನಿಂತವನ ಹಾಗೆ ತಲೆ ತಗ್ಗಿಸಿ, ಒಳ್ಳೆಯದಾಗಲಿ ಎಂದು ಹೊರಟುಹೋದ.

ಅವನ ತಪ್ಪಲ್ಲ. ಮಾದಿಹಳ್ಳಿಯಲ್ಲಿ ಮರುಳಪ್ಪನ ಸ್ವಂತ ಅಕ್ಕ ಸರ್ವಮಂಗಳಮ್ಮನ ಮನೆ ಇತ್ತು. ಅಕ್ಕನ ಮನೆ ಇಷ್ಟು ಹತ್ತಿರದಲ್ಲಿರುವಾಗ ವಯಸ್ಸಾದ ಗಂಡ ಹೆಂಡತಿ ಬ್ಯಾಗು ಹಿಡಿದು ಬಂದು ಲಾಡ್ಜಿನಲ್ಲಿ ಇಳಿದಿದ್ದಾರೆ ಎಂದರೆ ಅದಕ್ಕೆ ಇರಬಹುದಾದ ಕಾರಣಗಳು ಕಡಿಮೆ, ಒಂದೂ ಒಳ್ಳೆಯದಲ್ಲ. ಊರಿಗೆ ಹಿಂತಿರುಗುವ ಮೊದಲೇ ಕೆಂಚಯ್ಯ ಸರ್ವಮಂಗಳಮ್ಮನ ಗಂಡ ನಂಜುಂಡಯ್ಯನವರಿಗೆ ಫೋನು ಮಾಡಿದ. ಮನೆಯಲ್ಲಿ ಸೊಸೆ ಜೊತೆ ಆಗಿಬರದೆ ಬಂದುಬಿಟ್ಟಿದ್ದಾರೆ ಎಂದು ನಂಜುಂಡಯ್ಯನವರು ತೀರ್ಮಾನಿಸಿದರು. ಅವರು ಸುತ್ತಿನ ಊರುಗಳಲ್ಲಿ ಬಹಳ ಮನೆಗಳ ಜಗಳ ಬಗೆಹರಿಸಿದವರು. ಜಗಳವೇ ಇಲ್ಲದ ಮನೆ ಅವರ ಅನುಭವಕ್ಕೆ ಬಂದಿರಲಿಲ್ಲ.

ಎರಡನೆಯ ದಿನ ಗಂಡ ಹೆಂಡತಿ ಬೇಲೂರು ನೋಡಿಕೊಂಡು ಮಧ್ಯಾಹ್ನ ಲಾಡ್ಜಿಗೆ ಬಂದಾಗ ಬಾಗಿಲ ಮುಂದೆ ಒಂದು ಜೀಪು ನಿಂತಿತ್ತು. ನಂಜುಂಡಯ್ಯನವರು, ಸರ್ವಮಂಗಳಮ್ಮ, ಅವರ ಇಬ್ಬರು ಮಕ್ಕಳು, ಒಬ್ಬ ಸೊಸೆ, ಕೆಂಚಯ್ಯ, ಜೊತೆಗೆ ನಿಷ್ಪಕ್ಷಪಾತವಾಗಿ ಮಾತಾಡಲು ಊರಿನ ಹಿರಿಯರು ಒಂದಿಬ್ಬರು. ಎಲ್ಲರೂ ರೂಮಿನೊಳಗೆ ಬಂದು ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ನೆಲದ ಮೇಲೆ ಕುಳಿತರು.

"ಹೇಳಪ್ಪ ಮರುಳಪ್ಪ, ಏನಾಯ್ತು?" ಎಂದರು ನಂಜುಂಡಯ್ಯನವರು.

"ಏನೂ ಆಗಿಲ್ಲ ಭಾವ."

"ಏನೂ ಆಗ್ದೆ ಯಾರಾದ್ರೂ ಲಾಡ್ಜಿಗೆ ಬತ್ತಾರೇನಯ್ಯ?"

ಮರುಳಪ್ಪ ನಿಜ ಹೇಳಿದ. ಇಟಲಿಗೆ ಹೋಗುವ ಯೋಚನೆ ಇದೆ, ಅದಕ್ಕೆ ಮೊದಲು ಇಲ್ಲಿ ಇದ್ದು ನೋಡುತ್ತಿದ್ದೇವೆ ಎಂದ. ಇಷ್ಟು ದೊಡ್ಡ ಸುಳ್ಳು ಹೇಳಬೇಕಾದರೆ ವಿಷಯ ಸೊಸೆಯದಲ್ಲ, ಆಸ್ತಿಯದೇ ಇರಬೇಕೆಂದು ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಜಿನ ಮೇಲಿದ್ದ ದ್ರಾಕ್ಷಿ ಜ್ಯೂಸಿನ ಬಾಟಲಿಯನ್ನು ಸರ್ವಮಂಗಳಮ್ಮ ಎತ್ತಿ, ಮೂಸಿ ಇಟ್ಟಳು.

ಮರುಳಪ್ಪ ಇನ್ನೊಂದು ಸಲ ಬಿಡಿಸಿ ಹೇಳಲು ಹೊರಟಾಗ ಹಿಂದಿನಿಂದ ನೀರು ಕುದಿಯುವ ಸದ್ದು ಕೇಳಿತು. ತಿರುಗಿ ನೋಡಿದ. ಗುರುಸಿದ್ದಮ್ಮ ಮೂಲೆಯಲ್ಲಿ ನಿಂತು ಲಾಡ್ಜಿನವರು ಇಟ್ಟಿದ್ದ ಕರೆಂಟು ಕೆಟಲಿನಲ್ಲಿ ಕಾಫಿ ಮಾಡುತ್ತಿದ್ದಳು. ರೂಮಿನಲ್ಲಿ ಇದ್ದದ್ದು ಎರಡೇ ಕಪ್ಪು. ಇಬ್ಬರಿಗೆ ಕೊಡುವುದು, ಅವರು ಕುಡಿಯುವವರೆಗೆ ಕಾಯುವುದು, ಬಚ್ಚಲಿಗೆ ಹೋಗಿ ತೊಳೆದು ತರುವುದು, ಇನ್ನಿಬ್ಬರಿಗೆ ಕೊಡುವುದು. ತನಗೆ ಸಕ್ಕರೆ ಕಡಿಮೆ ಇರಲಿ ಎಂದು ಅತ್ತಿಗೆ ಸರ್ವಮಂಗಳಮ್ಮ ಹೇಳಿದಳು. ನಂಜುಂಡಯ್ಯನವರು ಚೆನ್ನಾಗಿದೆ, ಇನ್ನೊಂದು ಕೊಡಮ್ಮ ಎಂದರು.

ಮರುಳಪ್ಪ ಆಮೇಲೆ ವಾದ ಮಾಡಲಿಲ್ಲ. ಅಕ್ಕನ ಮನೆಗೆ ನಡೆಯಿರಿ ಎಂದು ಭಾವ ಹೇಳಿದರು, ಗಂಡ ಹೆಂಡತಿ ನಡೆದರು. ಮಾದಿಹಳ್ಳಿಯಲ್ಲಿ ಅತ್ತಿಗೆಯ ಮನೆಗೆ ಬಂದ ಗುರುಸಿದ್ದಮ್ಮ ಸೀದಾ ಅಡಿಗೆಮನೆಗೆ ಹೋದಳು, ಹೋಗದೆ ಇರುವ ಪದ್ಧತಿ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಂಜುಂಡಯ್ಯನವರೇ ಜೀಪಿನಲ್ಲಿ ಅರಸೀಕೆರೆಗೆ ಕರೆತಂದರು. ಅಷ್ಟರಲ್ಲಿ ಅವರ ಫೋನು ಬಂದು, ಇಟಲಿ ಬರೀ ನೆಪವಾಗಿತ್ತೇನೋ, ತಾನು ಏನು ತಪ್ಪು ಮಾಡಿದೆನೋ ಎಂದು ಮೇಘಶ್ರೀ ಅತ್ತು ಮುಖ ಊದಿಸಿಕೊಂಡಿದ್ದಳು. ಅತ್ತೆಯ ಕೈಲಿ ಸೊಸೆಗೂ ಸೊಸೆಯ ಕೈಲಿ ಅತ್ತೆಗೂ ಸಕ್ಕರೆ ಕೊಡಿಸಿ ನಂಜುಂಡಯ್ಯನವರು ರಾಜಿ ಮಾಡಿಸಿದರು. ಇಷ್ಟು ಸಲೀಸಾಗಿ ಬಗೆಹರಿದ ಜಗಳ ತಾವು ಕಂಡಿಲ್ಲವೆಂದು ಹೋಗುವಾಗ ಹೇಳಿದರು.

ಗುರುಸಿದ್ದಮ್ಮ ಬ್ಯಾಗನ್ನು ಅಟ್ಟದ ಮೇಲೆ ಹಾಕಿದಳು. ಇಟಲಿಯ ಮಾತು ಎತ್ತಲಿಲ್ಲ. ಮೇಘಶ್ರೀ ಒಂದು ದಿನ ಆ ಫೋಟೋ ತೋರಿಸಲು ಹೋದಾಗ, ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಮರುಳಪ್ಪ ಅದನ್ನು ಜಗಲಿಯಿಂದ ನೋಡಿದ.

ಬಹಳ ದಿನ ಕಳೆದವು. ಒಂದು ಬೆಳಿಗ್ಗೆ ಮಂಡಿಯಲ್ಲಿ ಬಸವಕುಮಾರ ಬಾಣಾವರದ ಕಡೆಯ ಒಂದು ಲೋಡನ್ನು ವಾಪಸು ಕಳಿಸುತ್ತಿದ್ದ. ಸ್ಯಾಂಪಲ್ ಬೂಷ್ಟು ಹಿಡಿದಿದೆ ಎಂದ. ಯಾವ ಚೀಲದ್ದು ಎಂದು ಮರುಳಪ್ಪ ಕೇಳಿದ. ಮಗ ತೋರಿಸಿದ ಚೀಲ ಹಿಂದಿನ ವಾರದ ಬೇರೆಯವರದು, ಪಕ್ಕದಲ್ಲಿ ಒರಗಿಸಿಟ್ಟದ್ದು. ಮರುಳಪ್ಪ ಎದ್ದು ಸೀದಾ ಒಳಗೆ ಬಂದ.

"ನಾವು ತಪ್ಪು ಚೀಲಕ್ಕೆ ಕೈ ಹಾಕಿದ್ವಿ ಕಣೇ" ಎಂದ. "ಹಳೇಬೀಡು ಇಟಲಿ ಸ್ಯಾಂಪಲ್ಲೇ ಅಲ್ಲ. ಅಲ್ಲಿ ನಮ್ಮಕ್ಕ ಇಲ್ಲ."

ಗುರುಸಿದ್ದಮ್ಮ ಹಿಟ್ಟು ಕಲಸುತ್ತಿದ್ದವಳು ಕಲಸುವುದು ನಿಲ್ಲಿಸಿದಳು.

ಅಂದಿನಿಂದ ಯೋಜನೆ ಬೇಗ ಬೇಗ ನಡೆಯಿತು. ಮರುಳಪ್ಪ ಸೊಸೆಯ ಪಕ್ಕ ಕುಳಿತು, ಅಲ್ಲಿ ಬಾಡಿಗೆಗೆ ಸಿಗುವ ಒಂದೊಂದು ಮನೆಯನ್ನೂ ಮೊಬೈಲಿನಲ್ಲಿ ವಿಚಾರಿಸಿದ. ಪಕ್ಕದಲ್ಲಿ ಭಾರತದವರು ಯಾರಾದರೂ ಇದ್ದಾರೆಯೇ, ಮನೆಯ ಹತ್ತಿರ ರೈಲ್ವೆ ಸ್ಟೇಷನ್ನು ಇದೆಯೇ ಎಂದು ಕೇಳಿಸಿದ. ಇವೆಲ್ಲ ಇದ್ದರೆ ಒಳ್ಳೆಯದೆಂದು ಕೇಳುತ್ತಿದ್ದಾರೆ ಎಂದುಕೊಂಡು ಮನೆಗಳವರು ಇದೆ, ಇದೆ ಎಂದು ಉತ್ತರ ಬರೆದರು, ಅಂಥವನ್ನೆಲ್ಲ ಬಿಟ್ಟ. ಕೊನೆಗೆ ಯಾವ ರೈಲೂ ಹೋಗದ ಗುಡ್ಡದ ಮೇಲೆ, ಮರದ ಕೆಳಗೆ ಎರಡು ಕುರ್ಚಿ ಇರುವ ಮನೆ ಸಿಕ್ಕಿತು. ಬಂದ ದಿನ ಒಂದು ಬಾಟಲಿ ವೈನು ಉಚಿತ ಎಂದಿತ್ತು. ಬೇಡ, ಅದರ ಬದಲು ಹಣ್ಣು ಕೊಡಿ ಎಂದು ಮೇಘಶ್ರೀ ಬರೆದಳು. ಸುದ್ದಿ ತಿಳಿದ ನಂಜುಂಡಯ್ಯನವರು ಫೋನು ಮಾಡಿ, ಹಾಗಾದರೆ ನಿಜವೇ, ನಾವೂ ಬರುತ್ತೇವೆ ಎಂದರು. ಇರುವುದು ಎರಡೇ ಕುರ್ಚಿ ಭಾವ ಎಂದು ಮರುಳಪ್ಪ ಬಹಳ ವಿಷಾದದಿಂದ ಹೇಳಿದ.

ಹಣ ಕಟ್ಟುವ ಮೊದಲು ಮೇಘಶ್ರೀ ಅತ್ತೆಯನ್ನು ಕರೆದು, ಎಲ್ಲ ಸರಿಯಾಗಿದೆಯೇ, ಏನಾದರೂ ಕೇಳಬೇಕೇ ಎಂದಳು. ಗುರುಸಿದ್ದಮ್ಮ ಆ ಎರಡು ಕುರ್ಚಿಗಳನ್ನು ನೋಡಿದಳು.

"ಒಂದ್ರಲ್ಲಿ ನಾನು, ಇನ್ನೊಂದ್ರಲ್ಲಿ ಇವ್ರು" ಎಂದಳು. "ಇವ್ರಿಗೆ ಅಲ್ಲಿ ಕಾಫಿ ಯಾರು ಮಾಡ್ಕೊಡ್ತಾರೆ?"

ಮೇಘಶ್ರೀ ಮಾವನನ್ನು ನೋಡಿದಳು. ಅಕ್ಕ, ಭಾವ, ರೈಲಿನ ನೆಂಟರು, ಬೆಳೆಗಾರರು ಎಲ್ಲರನ್ನೂ ಲೆಕ್ಕ ಹಿಡಿದಿದ್ದ ಮರುಳಪ್ಪ ಒಬ್ಬನನ್ನು ಬಿಟ್ಟಿದ್ದ. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ನಾಳೆಯವರೆಗೆ ಹಣ ಕಟ್ಟಬೇಡ ಎಂದ.

ಮಾರನೆಯ ಬೆಳಿಗ್ಗೆ ಕೆಂಚಯ್ಯ ಕೊಬ್ಬರಿ ತಂದು ಇಳಿಸಿ ಜಗಲಿಗೆ ಬಂದಾಗ ಗುರುಸಿದ್ದಮ್ಮ ಅಲ್ಲಿ ಕುಳಿತಿದ್ದಳು. ಸಾವ್ಕಾರರು ಎಲ್ಲಿ ಎಂದು ಕೇಳಿದ. ಒಳಗೆ ಎಂದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಹಾಲು ಸೀದ ವಾಸನೆ ಬಂತು. ಕೆಂಚಯ್ಯ ಗಾಬರಿಯಾಗಿ ಅರ್ಧ ಎದ್ದ.

"ಕೂತ್ಕೊ ಕೆಂಚಯ್ಯ. ಸ್ಯಾಂಪಲ್ ನೋಡ್ತಾ ಅವ್ರೆ."

"ಲೇ, ಸಕ್ಕರೆ ಎಲ್ಲೈತೆ?" ಎಂದು ಮರುಳಪ್ಪ ಅಡಿಗೆಮನೆಯಿಂದ ಕೂಗಿದ.

ಗುರುಸಿದ್ದಮ್ಮನ ಕೈಗಳು ತೊಡೆಯ ಮೇಲೆ ಒಂದು ಸಲ ಅಲುಗಾಡಿದವು.

"ಹುಡುಕ್ರಿ" ಎಂದಳು.

ಒಳಗೆ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಕೇಳಿಸತೊಡಗಿತು. ಅಡಿಗೆಮನೆಯಲ್ಲಿ ಡಬ್ಬಿಗಳು ಬಹಳ ಇದ್ದವು. ಅವಳು ಏಳಲಿಲ್ಲ.