ಮರುಎಣಿಕೆ ಇಲ್ಲ

ಉಡಚಪ್ಪನಿಗೆ ಡಿಗ್ರಿ ಇರಲಿಲ್ಲ. ಅವನ ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರೂ ಬಿ.ಎ. ಎರಡನೆಯ ವರ್ಷದ ಹುಡುಗರು. ಚಟ್ಟ ಕೇರಿ ದಾಟಿ ಊರೊಳಗಿನ ದಾರಿಗೆ ಬಂದಾಗ, ಹಿಂದೆ ನಡೆಯುತ್ತಿದ್ದ ಪ್ರಿನ್ಸಿಪಾಲ ಗಿರಿಯಪ್ಪ ಇನ್ನೊಮ್ಮೆ ತಲೆ ಎಣಿಸಿದ. ಹುಡುಗರು ಐವತ್ತೆಂಟು, ಹುಡುಗಿಯರು ಮೂವತ್ತೊಂದು. ಅವನ ಕಾಲೇಜಿನಲ್ಲಿ ಓದುತ್ತಿದ್ದವರೇ ನೂರಾ ಹನ್ನೆರಡು ಮಂದಿ.

ಬೆಳಿಗ್ಗೆ ಅವನೇ "ಮಣ್ಣಿಗೆ ಹೋಗೋರು ಹೋಗ್ರಿ" ಅಂದಿದ್ದ. ನಿವೃತ್ತನಾಗಿ ವರ್ಷ ಕಳೆದ ಇಲಾಖೆಯ ನೌಕರ ಸತ್ತರೆ ಕಾಲೇಜಿಗೆ ರಜೆ ಕೊಡಲು ಕಾನೂನಿರಲಿಲ್ಲ. ಕಾನೂನು ಮೀರುವ ಜಾತಿಯವನಲ್ಲ ಗಿರಿಯಪ್ಪ. ಇಪ್ಪತ್ತು ಮಂದಿ ಹೋದಾರು ಅಂದುಕೊಂಡಿದ್ದ. ಮಲ್ಲಿಗೆಕೊಪ್ಪದಿಂದ ಎರಡು ಟ್ರ್ಯಾಕ್ಟರು ತುಂಬಿಕೊಂಡು, ಉಳಿದವರು ಸೈಕಲ್ ತುಳಿದುಕೊಂಡು, ಆಡೂರಿನ ಆಚೆಯ ಈ ಸಣ್ಣ ಹಳ್ಳಿಗೆ ನಾಲ್ಕು ಮೈಲಿ ಬಂದಿದ್ದರು.

ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಕಾಲೇಜಿನ ಮುದಿ ಜವಾನ ಅಜ್ಜಪ್ಪ ಬೆವರು ಸುರಿಸಿಕೊಂಡು ಇಳಿದ.

"ಸರ, ಜೀಪ್ ಬಂತ್ರಿ."

"ಯಾವ ಜೀಪೋ?"

"ಎಣಸಾವರದು. ಮೂರು ಮಂದಿ ಬಂದಾರ. ನಮ್ಮ ಕಾಲೇಜ್ ಗೋದಾಮಿನಾಗ ಬರೇ ಬೆಂಚ್ ಅದಾವ. ಇಪ್ಪತ್ಮೂರು ಹುಡುಗ್ರು ಕುಂತಾರ, ಅದರಾಗ ಇಬ್ಬರು ನಿದ್ದಿ ಹೊಡ್ಯಾಕತ್ತಾರ."

"ಸಾವಾಗೇತಿ ಅಂತ ಹೇಳಿದ್ಯೋ ಇಲ್ಲೋ?"

"ಹೇಳಿದ್ನಿರಿ. ರಜಾ ಕೊಟ್ಟ ಕಾಗದ ತೋರಸು ಅಂದ್ರು. ಹನ್ನೆರಡಕ್ಕ ಎಣಿಸಿ ಹೋಗ್ತಾರಂತ."

ಗಿರಿಯಪ್ಪ ಗಡಿಯಾರ ನೋಡಿದ. ಹನ್ನೊಂದಾಗಲು ಹತ್ತು ನಿಮಿಷ. ಕಾಲೇಜು ಮುಂದುವರಿಯಬೇಕಾದರೆ ತಪಾಸಣೆಯ ದಿನ ತರಗತಿಯಲ್ಲಿ ಎಂಬತ್ತು ಮಂದಿ ಕೂತಿರಬೇಕು. ಒಂದು ತಲೆ ಕಡಿಮೆಯಾದರೂ ಬಾಗಿಲು ಮುಚ್ಚಿ, ಹುಡುಗರನ್ನು ಹಾನಗಲ್ಲಿಗೋ ಹಿರೇಕೆರೂರಿಗೋ ವರ್ಗ ಮಾಡಬೇಕು. ಮರುಎಣಿಕೆ ಇಲ್ಲ.

ಆ ನಿಯಮ ಬರೆದವನು ಚಟ್ಟದ ಮೇಲಿದ್ದ.

* * *

೧೯೭೬ರಲ್ಲಿ ಗಿರಿಯಪ್ಪನನ್ನು ಎರಡು ವರ್ಷದ ಮಟ್ಟಿಗೆ ಬೆಂಗಳೂರಿನ ಕಾಲೇಜು ಶಿಕ್ಷಣ ಇಲಾಖೆಯ ಕಚೇರಿಯ ಯೋಜನಾ ವಿಭಾಗಕ್ಕೆ ಹಾಕಿದ್ದರು. ಉಡಚಪ್ಪ ಅಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿದ್ದ. ನಿರ್ದೇಶಕರು ಬರುತ್ತಿದ್ದರು, ಹೋಗುತ್ತಿದ್ದರು. ರಾಜ್ಯದ ಯಾವ ಊರಿಗೆ ಸರಕಾರಿ ಕಾಲೇಜು ಬೇಕು ಎಂಬ ಟಿಪ್ಪಣಿಯನ್ನು ಮಾತ್ರ ಮೆಟ್ರಿಕ್ ಪಾಸಾದ ಈ ಮನುಷ್ಯನೇ ಬರೆಯುತ್ತಿದ್ದ.

"ಹನ್ನೆರಡು ಮೈಲಿಯೊಳಗೆ ಒಂದು ಕಾಲೇಜಿದೆಯಲ್ರೀ. ಮಲ್ಲಿಗೆಕೊಪ್ಪಕ್ಕೆ ಇನ್ನೊಂದು ಯಾಕೆ?" ಅಂದಿದ್ದರು ಆಗಿನ ನಿರ್ದೇಶಕರು.

"ಮೈಲಿ ಬ್ಯಾಡ್ರಿ ಸರ, ಬಸ್ಸಿನ ಟೈಮ್ ನೋಡ್ರಿ. ಕಡೇ ಬಸ್ಸು ಮೂರೂವರಿಗೆ, ಕಾಲೇಜ್ ಬಿಡೂದು ನಾಲ್ಕೂವರಿಗೆ. ಹುಡುಗ ಲಾರಿ ಹತ್ತಿ ಬರ್ತಾನ. ಹುಡುಗಿ ಏನ್ ಹತ್ತಬೇಕ್ರಿ?"

ನಿರ್ದೇಶಕರು ನಕ್ಕರು. ಉಡಚಪ್ಪ ನಗಲಿಲ್ಲ. ಗೋಡೆಯ ನಕಾಶೆಯಲ್ಲಿ ಒಂದೊಂದು ಊರಿನ ಪಕ್ಕಕ್ಕೂ ಕೆಂಪು ಪೆನ್ಸಿಲಿನಿಂದ ಕಡೇ ಬಸ್ಸಿನ ಹೊತ್ತು ಬರೆದ. ಕತ್ತಲಾಗುವ ಮುಂಚೆ ಹುಡುಗಿ ಮನೆ ಮುಟ್ಟಲಾರದ ಊರಿಗೆ ಕಾಲೇಜು ಇಲ್ಲವೆಂದೇ ಲೆಕ್ಕ ಅಂತ ಟಿಪ್ಪಣಿ ಹಾಕಿದ. ಮಲ್ಲಿಗೆಕೊಪ್ಪದ ಕಡತ ಆರು ವರ್ಷ ಮೇಲೆ ಕೆಳಗೆ ಓಡಾಡಿತು. ಕೊನೆಗೆ ಒಂದು ಹತ್ತಿ ಗೋದಾಮಿನಲ್ಲಿ ಕಾಲೇಜು ಶುರುವಾಯಿತು.

ತಲೆ ಎಣಿಸುವ ನಿಯಮವೂ ಅದೇ ಮೇಜಿನ ಮೇಲೆ ಹುಟ್ಟಿದ್ದು. ಕಾಲೇಜು ನಡೆಸುವ ಖಾಸಗಿ ಸಂಸ್ಥೆಗಳವರು ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು ತುಂಬುತ್ತಿದ್ದರು.

"ಹೇಳದಂಗ ಹೋಗಬೇಕು, ಒಂದ ಸಲ ಎಣಸಬೇಕು" ಅಂದಿದ್ದ ಉಡಚಪ್ಪ. "ಎರಡನೇ ಸಲ ಅಂದ್ರ ಹೈಸ್ಕೂಲ್ ಹುಡುಗ್ರಿಗೆ ಪ್ಯಾಂಟ್ ಹಾಕಿಸಿ ಕೂಡಸ್ತಾರ."

"ನಮ್ಮ ಕಡೆ ಕಾಲೇಜ ಸಿಕ್ಕೊಂಡ್ರ?" ಎಂದು ಗಿರಿಯಪ್ಪ ಚೇಷ್ಟೆ ಮಾಡಿದ್ದ.

"ಸಿಕ್ಕೊಳ್ಳಿ ಬಿಡ್ರಿ. ನಮ್ಮ ಹುಡುಗ್ರು ಕ್ಲಾಸ್ ತಪ್ಪಸಂಗಿಲ್ಲ."

* * *

ಊರ ಹೊರಗೆ ಹೆಗಲು ಬದಲಿಸಲು ಚಟ್ಟ ಇಳಿಸಿದರು. ಹೆಂಗಸರು ಅಲ್ಲಿಯ ತನಕ ಬಂದಿದ್ದರು. ಉಡಚಪ್ಪನ ಹೆಂಡತಿ ಗುತ್ತೆವ್ವ ನೆಲಕ್ಕೆ ಕೂತಳು. ಗಿರಿಯಪ್ಪ ಸತ್ತವನ ತಮ್ಮ ಭರಮಪ್ಪನನ್ನು ಪಕ್ಕಕ್ಕೆ ಕರೆದು, ಹುಡುಗರನ್ನು ಈಗಲೇ ಕರೆದೊಯ್ಯಬೇಕೆಂದು ಹೇಳಿದ.

"ಈಗ?" ಭರಮಪ್ಪನ ಮುಖ ಗಂಟಾಯಿತು. "ಸರ, ಆ ಕಡೆ ಮಾಳಿಗಿ ನೋಡ್ರಿ. ದೊಡ್ಡೋಣ್ಯಾಗಿನ ಮ್ಯಾಲ್ಜಾತಿ ಹುಡುಗ್ರು ಕೇರಿ ಹೆಣಕ್ಕ ಹೆಗಲು ಕೊಟ್ಟಿದ್ದು ನೋಡಾಕ ಊರ ಏರಿ ನಿಂತೈತಿ. ನಡುದಾರ್ಯಾಗ ಕರಕೊಂಡ್ ಹ್ವಾದ್ರ ಏನಂತಾರ? ಹೇಸಿ ಬಿಟ್ಟು ಹ್ವಾದ್ರು ಅಂತಾರ."

ಗುತ್ತೆವ್ವ ಕೇಳಿಸಿಕೊಂಡಳು. "ಎಷ್ಟು ಬೇಕ್ರಿ ಸರ?"

"ಐವತ್ತೇಳು ಬೇಕ್ರಿ ಅಕ್ಕಾರ."

ಮಲ್ಲಿಗೆಕೊಪ್ಪದ ದರ್ಜಿಯ ಮಗಳು ಮುನವ್ವರಾ ಮುಂದೆ ಬಂದಳು. "ನಾವು ಹುಡುಗ್ಯಾರು ಹೋಗ್ತೇವ್ರಿ ಸರ. ನಾವೇನು ಹೆಗಲು ಕೊಟ್ಟಿಲ್ಲ."

"ನೀವು ಹ್ವಾದ್ರ ಐವತ್ನಾಕು ಆಗತೈತವ್ವ. ಇನ್ನೂ ಇಪ್ಪತ್ತಾರು ಬೇಕು."

"ಹಂಗಾರ ಇಪ್ಪತ್ತಾರು ಹುಡುಗ್ರನ್ನೂ ನಮ್ಮ ಜೋಡಿ ಹಚ್ಚಿ ಕೊಡ್ರಿ. ಕಾಲೇಜ್ ಮುಚ್ಚಿದ್ರ ಅವರು ಹಾನಗಲ್ಲಿಗೆ ಹೋಗ್ತಾರ. ನಮ್ಮಪ್ಪ ನನ್ನ ಸವಣೂರಿಗೆ ಕಳಸ್ತಾನ್ರಿ, ಅದೂ ಲಗ್ನ ಮಾಡಿ."

ಹುಡುಗಿಯರು ಟ್ರ್ಯಾಕ್ಟರಿನ ಕಡೆ ಓಡಿದರು. ಗಿರಿಯಪ್ಪ ಹುಡುಗರ ಕಡೆ ತಿರುಗಿದ. "ಹಿಂದ ನಿಂತೋರು ಇಪ್ಪತ್ತಾರು ಮಂದಿ..."

ನಾಲ್ಕೈದು ಹುಡುಗರು ಕದಲಿದರು. ಮಾಳಿಗೆಯ ಮೇಲಿಂದ ಯಾರೋ ಕೂಗಿದರು: "ಸಾಕಾತೇನ್ರೋ ಹೊರೂದು? ಹೋಗ್ರಿ, ಹೋಗಿ ಮೈ ತೊಳಕೋರಿ!"

ನಗು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹರಿಯಿತು. ಕದಲಿದ ಹುಡುಗರು ನಿಂತರು. ಆಮೇಲೆ ಒಬ್ಬೊಬ್ಬರಾಗಿ ಬಂದು ಚಟ್ಟದ ಸುತ್ತ ಒತ್ತಿ ನಿಂತುಕೊಂಡರು.

"ಕರೀರಿ ಸರ" ಅಂದಳು ಗುತ್ತೆವ್ವ. "ನಮ್ಮವರಿದ್ರ ಅವರೂ ಕರೀತಿದ್ರು."

ಗಿರಿಯಪ್ಪ ಬಾಯಿ ತೆರೆದ. ಭರಮಪ್ಪ ಅವನನ್ನೇ ನೋಡುತ್ತಿದ್ದ. ಟ್ರ್ಯಾಕ್ಟರು ಶುರುವಾದ ಸದ್ದು ಕೇಳಿಸಿತು. ಗಿರಿಯಪ್ಪ ಎರಡನೆಯ ಸಲ ಕರೆಯಲಿಲ್ಲ. ಹುಡುಗರು ಚಟ್ಟ ಎತ್ತಿದರು.

ಹನ್ನೆರಡು ಹೊಡೆದಾಗ ಅವನು ಕುಣಿಯ ಅಂಚಿನಲ್ಲಿ ಸಾಲಿನಲ್ಲಿ ನಿಂತು ಮೂರು ಹಿಡಿ ಮಣ್ಣು ಹಾಕಿದ. ಅದೇ ಹೊತ್ತಿಗೆ ಮಲ್ಲಿಗೆಕೊಪ್ಪದಲ್ಲಿ ಎಣಿಸಿ ಬರೆದದ್ದು ಐವತ್ನಾಲ್ಕು.

ಮುಂದಿನ ತಿಂಗಳು ಆದೇಶ ಬಂತು. ಗಿರಿಯಪ್ಪ ನೂರಾ ಹನ್ನೆರಡು ಟಿ.ಸಿ. ಬರೆದು, ಸಹಿ ಮಾಡಿ, ಗೋದಾಮಿನ ಮೇಜಿನ ಮೇಲೆ ಇಟ್ಟ. ಎಂಬತ್ತೊಂದು ಹುಡುಗರೂ ಬಂದು ಒಯ್ದರು. ಹುಡುಗಿಯರಲ್ಲಿ ನಾಲ್ವರು ಒಯ್ದರು. ಅಜ್ಜಪ್ಪ ಬೀಗ ಹಾಕಲು ಬಂದ ದಿನ ಮೇಜಿನ ಮೇಲೆ ಇಪ್ಪತ್ತೇಳು ಉಳಿದಿದ್ದವು.